ಗಾಜಿನ ಮೇಲಣ ಮೆರುಗಿನ ಕಲೆ

ಪಡುವಣದ ಬಿಸಿಲಿಗೆ ಎದುರಾಗಿ ನಿಂತ ಕಾರಿನ ಮುಂದಿನ ಗಾಜಿನಲ್ಲಿ ಎರಡು ಬಗೆಯ ಕಲೆಗಳನ್ನು ಕಾಣಬಹುದು. ಒಂದು, ಬಣ್ಣದ ಮೈಗೆ ಹಚ್ಚಿದ ಪಾಲಿಷು ಸಿಡಿದೋ, ಅದೇ ಬಟ್ಟೆಯಿಂದ ಗಾಜನ್ನೂ ಒರಸಿದುದರಿಂದಲೋ ಅಂಟಿಕೊಂಡ ಜಿಡ್ಡಿನ ಮಬ್ಬು. ನೀರಿಗೂ ಸೋಪಿಗೂ ಜಗ್ಗದೆ, ಮಳೆ ಬಿದ್ದೊಡನೆ ವೈಪರು ಆಡುವ ಹಾದಿಯುದ್ದಕ್ಕೂ ಬಣ್ಣಬಣ್ಣದ ಪೊರೆಯಾಗಿ ಹರಡಿ ರಸ್ತೆಯನ್ನೇ ಮರೆಮಾಡತಕ್ಕದ್ದು. ಇನ್ನೊಂದು, ಆ ಮಬ್ಬನ್ನು ತೆಗೆಯಲೆಂದು ಒರಟು ಪುಡಿಯನ್ನೋ ತಿರುಗುವ ಯಂತ್ರವನ್ನೋ ಕೈಗೆತ್ತಿಕೊಂಡವರು ಗಾಜಿನ ಮೈಯಲ್ಲಿಯೇ ಕೊರೆದು ಬಿಟ್ಟ ಸುಳಿಸುಳಿಯಾದ ಗೀರು. ಮೊದಲನೆಯದು ಗಾಜಿನ ಮೇಲೆ ಕುಳಿತಿರುವುದು, ಎರಡನೆಯದು ಗಾಜಿನೊಳಕ್ಕೆ ಇಳಿದಿರುವುದು. ಎರಡಕ್ಕೂ ಮೂಲ ಮಾತ್ರ ಮೆರುಗಿನ ಆಸೆಯೇ. ಇವುಗಳನ್ನು ನೀಗುವ ವಿದ್ಯೆಯನ್ನು ಮೋಟಾರು ಯುಗದ ಅಂಗಡಿಬೀದಿಯಲ್ಲಿ ಹುಟ್ಟಿದ ಸಣ್ಣ ಉಪಾಯವೆಂದು ಭಾವಿಸುವವರು ಬಹುಮಂದಿ ಇದ್ದಾರೆ. ಆದರೆ ಗಾಜಿನ ಮೇಲಣ ಗೀರನ್ನು ಅಳಿಸುವ ಕೆಲಸವೇ ಒಂದು ದೊಡ್ಡ ಕಸುಬಾಗಿ, ಊರುಗಳನ್ನು ಕಟ್ಟಿ, ಗುಡ್ಡಗಳನ್ನು ಪೇರಿಸಿ, ಸುಮಾರು 270 ವರ್ಷಗಳ ಕಾಲ ಬಾಳಿ, ಕಡೆಗೆ ಒಂದೇ ದಶಕದಲ್ಲಿ ಅಳಿದುಹೋಯಿತೆಂಬುದನ್ನು ತಿಳಿದವನಿಗೆ, ಇಂದು ಗ್ಯಾರೇಜಿನ ಮೂಲೆಯಲ್ಲಿ ಒಬ್ಬ ಹುಡುಗ ಒದ್ದೆ ಉಣ್ಣೆಯ ಬಿಲ್ಲೆಯಿಂದ ಗಾಜನ್ನು ಉಜ್ಜುತ್ತಿರುವುದು ಆ ಕಸುಬಿನ ಕೊನೆಯ ಕುಡಿಯೆಂದು ತೋರದಿರದು.

ಪೂರ್ವದಲ್ಲಿ ಅಗಲವಾದ ಗಾಜನ್ನು ಪಡೆಯುವ ಮಾರ್ಗವೆಂದರೆ ಊದುವುದು. ವೆನಿಸ್ಸಿನ ಮುರಾನೋ ದ್ವೀಪದ ಕುಶಲಿಗಳು ಕರಗಿದ ಗಾಜನ್ನು ಕೊಳವೆಯ ತುದಿಯಲ್ಲಿ ಊದಿ, ಉರುಳೆಯಾಗಿ ಬೆಳೆಸಿ, ಸೀಳಿ, ಹಾಸಿ, ಉಜ್ಜಿ, ತವರ ಪಾದರಸಗಳ ಲೇಪವನ್ನು ಕೊಟ್ಟು ಸಿದ್ಧಪಡಿಸುತ್ತಿದ್ದ ಕನ್ನಡಿಗಳಿಗಾಗಿ ಯೂರೋಪಿನ ಅರಸುಮನೆಗಳು ಹೊನ್ನನ್ನು ಸುರಿಯುತ್ತಿದ್ದುವು. ಆ ಹೊನ್ನು ಹೊರಗೆ ಹರಿಯುವುದನ್ನು ಸಹಿಸದ ಕೋಲ್ಬೇರ್, ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಮಂತ್ರಿ, 1665ರಲ್ಲಿ ರಾಜಾಶ್ರಯದ ಕನ್ನಡಿ ಕಾರ್ಖಾನೆಯನ್ನು ಸ್ಥಾಪಿಸಿದನು. ವರ್ಸೇಲ್ಸ್ ಅರಮನೆಯ ಕನ್ನಡಿ ಮೊಗಸಾಲೆ 1684ರಲ್ಲಿ ಮುಗಿದಾಗ ಅದರ 17 ಕಮಾನುಗಳಲ್ಲಿ ಕೂಡಿಸಿದ 357 ಕನ್ನಡಿಗಳೂ ಈ ಊದಿದ ಗಾಜಿನವೇ. ಒಂದೊಂದೂ ಚಿಕ್ಕದಾದುದರಿಂದಲೇ ಅಷ್ಟು ಸಂಖ್ಯೆ ಬೇಕಾಯಿತು. ಆ ದಶಕದ ಕೊನೆಯಲ್ಲಿ ಫ್ರೆಂಚರು ಕರಗಿದ ಗಾಜನ್ನು ಲೋಹದ ಮೇಜಿನ ಮೇಲೆ ಹೊಯ್ದು ಉರುಳೆಯಿಂದ ಲಟ್ಟಿಸುವ ಎರಕದ ವಿಧಾನವನ್ನು ಕೈಗೂಡಿಸಿಕೊಂಡರು. 1693ರಲ್ಲಿ ಆ ಕೆಲಸ ಪಿಕಾರ್ಡಿ ಪ್ರಾಂತದ ಸಾಂಗೋಬಾಂ ಎಂಬ ಹಳ್ಳಿಗೆ ಹೋಗಿ ನೆಲೆಸಿತು.

ಎರಕದ ಗಾಜು ಎಷ್ಟು ದೊಡ್ಡದಾಗಿ ಬೇಕಾದರೂ ಬರುತ್ತಿತ್ತು. ಆದರೆ ಅದು ಹುಟ್ಟುಗುರುಡು. ಮೇಜಿನ ಒರಟನ್ನು ಒಂದು ಮೈಯಲ್ಲಿಯೂ ಉರುಳೆಯ ಒರಟನ್ನು ಇನ್ನೊಂದು ಮೈಯಲ್ಲಿಯೂ ಹೊತ್ತು ಬಂದ ಆ ಹಲಗೆಯೊಳಗಿಂದ ಬೆಳಕು ಹಾಯುತ್ತಿತ್ತೇ ಹೊರತು ಆಚೆಯ ಆಕಾರ ಕಾಣುತ್ತಿರಲಿಲ್ಲ. ಅದಕ್ಕೆ ಕಣ್ಣು ಕೊಡುವ ಕೆಲಸ ಪ್ಯಾರಿಸಿನಲ್ಲಿ ನಡೆಯುತ್ತಿತ್ತು. ಸಾಂಗೋಬಾಂನಿಂದ ಒರಟಾಗಿಯೇ ಸಾಗಿಬಂದ ಹಲಗೆಯನ್ನು ಗಾರೆಯಲ್ಲಿ ಕದಲದಂತೆ ಕೂಡಿಸಿ, ಅದರ ಮೇಲೆ ಇನ್ನೊಂದು ಹಲಗೆಯನ್ನಿಟ್ಟು, ನಡುವೆ ಮರಳನ್ನೂ ನೀರನ್ನೂ ಸುರಿದು ದಿನಗಟ್ಟಲೆ ತಿರುಗಿಸುತ್ತ, ಮೊದಲು ದಪ್ಪ ಮರಳು, ಅನಂತರ ಸಣ್ಣ ಮರಳು, ಅದಾದ ಮೇಲೆ ಕುರಂದದ ಪುಡಿ, ಹೀಗೆ ಒಂದೊಂದು ಹಂತದ ಗೀರನ್ನು ಅದರ ಮುಂದಿನ ಹಂತದ ಇನ್ನೂ ಸಣ್ಣ ಗೀರಿನಿಂದ ಅಳಿಸುತ್ತ ಬಂದು, ಕಟ್ಟಕಡೆಗೆ ಕೆಂಪು ಪುಡಿಯನ್ನು ಹಚ್ಚಿದ ಉಣ್ಣೆಯ ಮೆತ್ತೆಯಿಂದ ಮೆರುಗು ಕೊಡುತ್ತಿದ್ದರು. ದಿದೆರೋ ಮತ್ತು ದಾಲಂಬೇರ್ ಸಂಪಾದಿಸಿದ ವಿಶ್ವಕೋಶದ ಚಿತ್ರಫಲಕಗಳಲ್ಲಿ ಈ ಮೆರುಗುಗಾರರನ್ನು ಕಾಣಬಹುದು. ಬಿಲ್ಲಿನಂತೆ ಬಗ್ಗಿಸಿದ ಮರದ ಪಟ್ಟಿಯೊಂದರ ಒಂದು ತುದಿ ಮೇಲಣ ತೊಲೆಗೆ ಒತ್ತಿಕೊಂಡು, ಇನ್ನೊಂದು ತುದಿ ಮೆತ್ತೆಯನ್ನು ಗಾಜಿನ ಮೇಲೆ ಅದುಮುತ್ತಿರುವುದು; ಕೆಲಸಗಾರನು ಮೆತ್ತೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುವುದರಲ್ಲಿ ಮಾತ್ರ ತನ್ನ ಬಲವನ್ನು ವ್ಯಯಿಸುವನು, ಅದುಮುವ ಭಾರವನ್ನು ಬಿಲ್ಲೇ ಹೊರುವುದು. ಒಂದು ಜಾಗದಲ್ಲಿ ಹೆಚ್ಚು ಅದುಮಿ ಇನ್ನೊಂದು ಜಾಗದಲ್ಲಿ ಕಡಮೆ ಅದುಮಿದರೆ ಗಾಜು ತಗ್ಗುದಿಣ್ಣೆಯಾಗಿ ಆಚೆಯ ನೋಟವನ್ನು ವಕ್ರಗೊಳಿಸುವುದೆಂಬುದು ಆ ಜನಕ್ಕೆ ತಿಳಿದಿತ್ತು. ಇಂದು ಕೈಯಂತ್ರವನ್ನು ಗೀರಿನ ಒಂದೇ ತಾಣದ ಮೇಲೆ ನಿಲ್ಲಿಸಿ, ಗೀರು ಹೋದ ಜಾಗದಲ್ಲಿ ಎದುರು ಬರುವ ಲಾರಿಯನ್ನು ಕುಣಿಯುವಂತೆ ಮಾಡಿಬಿಡುವವರಿಗೆ ಆ ಬಿಲ್ಲಿನ ವಿವೇಕ ತಲುಪಿಲ್ಲ.

ಇಂಗ್ಲೆಂಡು ಈ ವಿದ್ಯೆಯನ್ನು ತಡವಾಗಿ ಕಲಿತು ಬೇಗನೆ ಯಂತ್ರಕ್ಕೆ ಒಪ್ಪಿಸಿತು. ಲ್ಯಾಂಕಷೈರಿನ ಸೇಂಟ್ ಹೆಲೆನ್ಸ್ ಪಟ್ಟಣದ ಬಳಿಯ ರಾವೆನ್‌ಹೆಡ್ಡಿನಲ್ಲಿ, ಪಾರ್ಲಿಮೆಂಟಿನ 1773ರ ಶಾಸನದಿಂದ ಹುಟ್ಟಿದ ಸಂಸ್ಥೆಯೊಂದು ಎರಕದ ಗಾಜನ್ನು ಮಾಡತೊಡಗಿ, 1789ರಲ್ಲಿ ಬೋಲ್ಟನ್ ಮತ್ತು ವಾಟರ ಉಗಿಯಂತ್ರವನ್ನು ತರಿಸಿ, ಉಜ್ಜುವ ಕೆಲಸಕ್ಕೆ ಹೂಡಿತು. 1838ರಲ್ಲಿ ಜೇಮ್ಸ್ ಟಿಮಿನ್ಸ್ ಚಾನ್ಸ್ ಎಂಬಾತನು ತೆಳುವಾದ ಊದುಗಾಜನ್ನು ಒದ್ದೆ ಚರ್ಮದ ಮೇಲೆ ಹಾಸಿ, ಅದು ಮುರಿಯದಂತೆ ಮೆರುಗು ಕೊಡುವ ಉಪಾಯಕ್ಕೆ ಪೇಟೆಂಟು ಪಡೆದನು. ಸೇಂಟ್ ಹೆಲೆನ್ಸ್ ಪಟ್ಟಣದ ಹೊರವಲಯದಲ್ಲಿ ಇಂದಿಗೂ ‘ಬರ್ಗಿ’ ಎಂದು ಅಲ್ಲಿಯವರು ಕರೆಯುವ ದಿಬ್ಬಗಳಿವೆ. ಸವೆದ ಮರಳು, ಸವೆದ ಗಾಜು, ಕೆಂಪು ಪುಡಿ ಇವೆಲ್ಲ ಕೂಡಿ ಕೆಸರಾಗಿ ಕಾರ್ಖಾನೆಯಿಂದ ಹೊರಬಿದ್ದು ಗಟ್ಟಿಯಾದ ರಾಶಿಗಳವು. ಕಿಟಕಿ ಕನ್ನಡಿಗಳ ನೈರ್ಮಲ್ಯಕ್ಕಾಗಿ ಎಷ್ಟು ಗಾಜು ಧೂಳಾಯಿತೆಂಬುದಕ್ಕೆ ಅವಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಬೇರೆ ಇಲ್ಲ.

ಆ ಕೆಂಪು ಪುಡಿ ನಮ್ಮ ಕಾವಿಯ ಹತ್ತಿರದ ಬಂಧು. ಅನ್ನಭೇದಿಯನ್ನು ಕೆಂಪಾಗುವವರೆಗೆ ಸುಟ್ಟಾಗ ಉಳಿಯುವ ಲೋಹಭಸ್ಮವೇ ಅದು. ಗಂಧಕಾಮ್ಲವನ್ನು ಬಟ್ಟಿಯಿಳಿಸುತ್ತಿದ್ದ ಹಳೆಯ ರಸವಾದಿಗಳ ಪಾತ್ರೆಯ ತಳದಲ್ಲಿ ನಿಷ್ಪ್ರಯೋಜಕವೆಂದು ಉಳಿದುಕೊಳ್ಳುತ್ತಿದ್ದ ಗಸಿ. ಮೆರುಗುಶಾಲೆಯ ನೆಲ, ಗೋಡೆ, ಚರಂಡಿ, ಕೆಲಸಗಾರರ ಉಡುಪು ಮತ್ತು ಚರ್ಮ ಎಲ್ಲವೂ ಅದರಿಂದ ಕೆಂಪಾಗಿರುತ್ತಿದ್ದುವು.

ಉಜ್ಜುವಾಗ ನಿಜವಾಗಿ ಏನು ನಡೆಯುತ್ತದೆಂಬುದು ಕಸುಬುದಾರರಿಗೆ ಬೇಕಾಗದಿದ್ದರೂ ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆ. ನ್ಯೂಟನ್ನನು 1704ರಲ್ಲಿ ಪ್ರಕಟಿಸಿದ ದ್ಯುತಿಶಾಸ್ತ್ರದ ಗ್ರಂಥದಲ್ಲಿ, ಮೆರುಗೆಂಬುದು ಗೀರುಗಳ ಅಭಾವವಲ್ಲ, ಕಣ್ಣಿಗೆ ಸಿಕ್ಕದಷ್ಟು ಸಣ್ಣವಾದ ಗೀರುಗಳ ಸಮೂಹವೆಂದು ತರ್ಕಿಸಿದ್ದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾರ್ಡ್ ರ‍್ಯಾಲಿ ಸೂಕ್ಷ್ಮದರ್ಶಕದ ಕೆಳಗೆ ಅರೆಬರೆ ಮೆರುಗಾದ ಗಾಜನ್ನು ಪರೀಕ್ಷಿಸಿ, ನ್ಯೂಟನ್ನನ ಮಾತು ಪೂರ್ತಿ ಸರಿಯಲ್ಲವೆಂದನು: ಗೀರು ಸಣ್ಣದಾಗುತ್ತ ಹೋಗುವುದಲ್ಲ, ದಿಣ್ಣೆಗಳ ನೆತ್ತಿಯಲ್ಲಿ ಮೊದಲ ಕ್ಷಣದಿಂದಲೇ ನಿಷ್ಕಳಂಕವಾದ ನುಣುಪು ಹುಟ್ಟಿ, ಆ ನುಣುಪಿನ ದ್ವೀಪಗಳು ಅಗಲವಾಗುತ್ತ ಒಂದನ್ನೊಂದು ಕೂಡಿಕೊಳ್ಳುವುವು; ದ್ರವ್ಯವು ಹೆಚ್ಚು ಕಡಮೆ ಅಣು ಅಣುವಾಗಿಯೇ ಕಳಚಿಹೋಗುವುದು. ಅವನ ಸಮಕಾಲೀನನಾದ ಬೀಲ್ಬಿ ಎಂಬಾತನಾದರೋ ಮೇಲ್ಪದರವು ದ್ರವದಂತೆ ಹರಿದು ತಗ್ಗುಗಳನ್ನು ತುಂಬುವುದೆಂದು ವಾದಿಸಿದನು. ಗಾಜಿನ ಮಟ್ಟಿಗೆ ಈ ವ್ಯಾಜ್ಯವು ರಸಾಯನಶಾಸ್ತ್ರದ ಕಡೆಗೆ ವಾಲಿ ನಿಂತದ್ದು ಬಹಳ ತಡವಾಗಿ. 1990ರಲ್ಲಿ ಕುಕ್ ಎಂಬ ವಿಜ್ಞಾನಿ ಬರೆದ ಪ್ರಬಂಧವನ್ನು ಅನುಸರಿಸಿ ಇಂದು ಹೆಚ್ಚಿನವರು ಒಪ್ಪುವುದು ಇಷ್ಟು: ನೀರು ಗಾಜಿನ ಮೇಲ್ಮೈಯನ್ನು ಸಡಿಲಿಸುವುದು, ಪುಡಿಯ ಕಣವು ಆ ಸಡಿಲವಾದ ಸಿಲಿಕಾದೊಡನೆ ಕ್ಷಣಕಾಲ ರಾಸಾಯನಿಕವಾಗಿ ಬೆಸೆದುಕೊಂಡು ಅದನ್ನು ಕಿತ್ತುಕೊಂಡು ಹೋಗುವುದು. ಮೆರುಗಿನ ಪುಡಿ ಗಾಜಿಗಿಂತ ಬಹಳ ಗಟ್ಟಿಯಾಗಿರಬೇಕಾದುದಿಲ್ಲ, ನೀರಿಲ್ಲದೆ ಮೆರುಗಿಲ್ಲ ಎಂಬ ಎರಡು ಹಳೆಯ ಅನುಭವಗಳಿಗೆ ಇದರಿಂದ ಅರ್ಥ ಬಂದಿತು. ಒಣಗಿಸಿ ಉಜ್ಜುವವನು ಮೆರುಗು ಕೊಡುತ್ತಿಲ್ಲ. ಗಾಜನ್ನು ಕಾಯಿಸಿ ಸೀಳಲು ಹೊರಟಿದ್ದಾನೆ.

ಹೀಗೆ ಬೆಸೆದು ಕೀಳುವ ಗುಣ ಕಾವಿಗಿಂತಲೂ ಅಧಿಕವಾಗಿರುವ ಪುಡಿಯೊಂದು ಭಾರತದ ತೀರಕ್ಕೆ ಸಂಬಂಧಪಟ್ಟುದಾದುದರಿಂದ ಅದರ ಸಂಗತಿಯನ್ನು ಸ್ವಲ್ಪ ವಿಸ್ತರಿಸಬೇಕು. ಸೀರಿಯಮ್ ಎಂಬ ಧಾತುವನ್ನು 1803ರಲ್ಲಿ ಸ್ವೀಡನ್ನಿನಲ್ಲಿ ಬರ್ಜೀಲಿಯಸ್ ಮತ್ತು ಹೀಸಿಂಗರರೂ, ಜರ್ಮನಿಯಲ್ಲಿ ಕ್ಲಾಪ್ರೋಟನೂ ಬೇರೆ ಬೇರೆಯಾಗಿ ಕಂಡುಕೊಂಡರು. ಎರಡು ವರ್ಷಗಳ ಹಿಂದೆಯಷ್ಟೇ ಆಕಾಶದಲ್ಲಿ ಗೋಚರಿಸಿದ್ದ ಸೀರಿಸ್ ಎಂಬ ಕಿರುಗ್ರಹದ ಹೆಸರು ಅದಕ್ಕೆ ಸಂದಿತು. ಆದರೆ ಬಹುಕಾಲ ಅದರಿಂದ ಹೇಳಿಕೊಳ್ಳತಕ್ಕ ಪ್ರಯೋಜನವಾಗಲಿಲ್ಲ. ಆಸ್ಟ್ರಿಯದ ಔವರ್ ಫಾನ್ ವೆಲ್ಸ್‌ಬಾಖ್ 1891ರ ಸುಮಾರಿಗೆ ನೂರಕ್ಕೆ 99 ಪಾಲು ಥೋರಿಯಮ್ ಭಸ್ಮವನ್ನೂ ಒಂದು ಪಾಲು ಸೀರಿಯಮ್ ಭಸ್ಮವನ್ನೂ ಸೇರಿಸಿ ಗ್ಯಾಸುದೀಪದ ಮ್ಯಾಂಟಲನ್ನು ಮಾಡಿದಾಗ, ಆ ಎರಡನ್ನೂ ಒಳಗೊಂಡ ಮೊನಜೈಟ್ ಮರಳಿಗೆ ಒಮ್ಮೆಗೇ ಬೆಲೆ ಬಂದಿತು. ನಮ್ಮ ಮದುವೆ ಮೆರವಣಿಗೆಗಳನ್ನೂ ನಾಟಕದ ಕಂಪೆನಿಗಳ ರಂಗವನ್ನೂ ಬೆಳಗಿದ ಪೆಟ್ರೋಮ್ಯಾಕ್ಸ್ ದೀಪದ ರೇಷ್ಮೆಯ ಚೀಲ ಈ ಮ್ಯಾಂಟಲೇ. ಮೊದಲು ಬ್ರೆಜಿಲ್ಲಿನ ಮರಳೇ ಲೋಕಕ್ಕೆ ಹೆಚ್ಚಾಗಿ ಸಲ್ಲುತ್ತಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು ತಿರುವಾಂಕೂರಿನ ಕಡಲತೀರದಲ್ಲಿ ಅದಕ್ಕಿಂತ ಥೋರಿಯಮ್ ಹೆಚ್ಚಾಗಿರುವ ಮರಳನ್ನು ಪತ್ತೆಮಾಡಿದನು. ಅಲ್ಲಿಂದ ರಫ್ತಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಹಳದಿ ಕಣಗಳೇ ಅವನಿಗೆ ದಾರಿ ತೋರಿಸಿದುವೆಂದು ಪ್ರತೀತಿ. ಮಣವಾಳಕುರಿಚ್ಚಿ, ಚವರ ಮೊದಲಾದ ಮೀನುಗಾರರ ಊರುಗಳು ಲೋಕದ ವ್ಯಾಪಾರಿಗಳ ಬಾಯಲ್ಲಿ ಓಡಾಡಿದುವು. ಅತ್ತ ಆರನ್ಮುಳದಲ್ಲಿ ಲೋಹದ ಹಲಗೆಯನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡುವ ಕುಟುಂಬಗಳೂ ಇತ್ತ ಗಾಜಿಗೆ ಮೆರುಗು ಕೊಡುವ ಮರಳೂ ಒಂದೇ ಸಂಸ್ಥಾನದಲ್ಲಿದ್ದುವೆಂಬುದು ಕೇವಲ ಆಕಸ್ಮಿಕ. ಆದರೂ ಮೆಲುಕುಹಾಕತಕ್ಕ ಆಕಸ್ಮಿಕ.

ಮ್ಯಾಂಟಲಿಗೆ ಬೇಕಾದದ್ದು ಥೋರಿಯಮ್. ಮರಳಿನಲ್ಲಿ ಹೇರಳವಾಗಿದ್ದದ್ದು ಸೀರಿಯಮ್ ಮತ್ತು ಅದರ ಸೋದರ ಧಾತುಗಳು. ಉಳಿದ ಈ ರಾಶಿಯನ್ನು ಏನು ಮಾಡಬೇಕೆಂಬುದು ತಯಾರಕರ ತಲೆನೋವಾಗಿತ್ತು. ವೆಲ್ಸ್‌ಬಾಖನೇ 1903ರಲ್ಲಿ ಅದನ್ನು ಕಬ್ಬಿಣದೊಡನೆ ಬೆರಸಿ ಲೈಟರಿನ ಕಲ್ಲನ್ನು ಮಾಡಿದನು. ಸೀರಿಯಮ್ ಭಸ್ಮಕ್ಕೆ ಅದರ ನಿಜವಾದ ವೃತ್ತಿ ದೊರೆತುದು ಎರಡನೆಯ ಮಹಾಯುದ್ಧದ ಕಾಲಕ್ಕೆ. ದುರ್ಬೀನು, ಬಂದೂಕಿನ ಗುರಿಕನ್ನಡಿಗಳಿಗೆ ಮಸೂರಗಳನ್ನು ಅವಸರವಸರವಾಗಿ ಮಾಡಬೇಕಾಗಿ ಬಂದಾಗ, ಈ ಪುಡಿ ಕಾವಿಗಿಂತ ಬಹು ಶೀಘ್ರವಾಗಿ ಗಾಜನ್ನು ನುಣುಪುಗೊಳಿಸುವುದೆಂದೂ, ಅದರಂತೆ ಎಲ್ಲವನ್ನೂ ಕೆಂಪುಮಾಡುವುದಿಲ್ಲವೆಂದೂ ಕಾರ್ಖಾನೆಗಳು ಕಂಡುಕೊಂಡುವು. ಸ್ವತಂತ್ರ ಭಾರತ ಮೊನಜೈಟನ್ನು ಮರಳಾಗಿಯೇ ಹಡಗಿಗೇರಿಸಿ ಕಳುಹುವುದಕ್ಕೆ ಇಷ್ಟಪಡದೆ 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆಯನ್ನು ಕಟ್ಟಿತು. ಆಲುವಾಯಿಯ ಅದರ ಕಾರ್ಖಾನೆಯನ್ನು 1952ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಆಮ್ಲದ ಗಸಿಯಾದ ಕಾವಿ, ದೀಪದ ಚೀಲದ ಉಳಿಕೆಯಾದ ಸೀರಿಯಮ್: ಗಾಜಿಗೆ ಕಣ್ಣು ಕೊಟ್ಟ ಎರಡೂ ಮತ್ತೊಂದು ಉದ್ಯಮ ಬೇಡವೆಂದು ಬಿಟ್ಟವುಗಳೇ.

ಈ ನಡುವೆ ಕಾರು ಬಂದಿತ್ತು. ಆದಿಯ ಕಾರುಗಳಿಗೆ ಮುಂದಿನ ಗಾಜೇ ಇರಲಿಲ್ಲ. ಸವಾರರು ಧೂಳು ಕನ್ನಡಕವನ್ನು ಧರಿಸಿ ಗಾಳಿಗೆ ಮುಖವೊಡ್ಡುತ್ತಿದ್ದರು. ಗಾಜು ಬಂದ ಮೇಲೆ ಅಪಘಾತವಾದಾಗಲೆಲ್ಲ ಅದು ಚೂರಾಗಿ ಮುಖ ಕೊರಳುಗಳನ್ನು ಸೀಳತೊಡಗಿತು. ಫ್ರಾನ್ಸಿನ ಎದ್ವಾರ್ ಬೆನೆದಿಕ್ಟಸ್ ಎಂಬ ಕಲಾವಿದ, ರಸಾಯನಜ್ಞ, 1903ರಲ್ಲಿ ಕೈತಪ್ಪಿ ಕೆಳಗೆ ಬಿದ್ದ ಗಾಜಿನ ಪಾತ್ರೆಯೊಂದು ಒಡೆದೂ ಚದರದೆ ನಿಂತುದನ್ನು ಕಂಡು, ಅದರ ಒಳಮೈಯಲ್ಲಿ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯೇ ಚೂರುಗಳನ್ನು ಹಿಡಿದಿಟ್ಟಿತೆಂದು ಊಹಿಸಿ, 1909ರಲ್ಲಿ ಎರಡು ಗಾಜುಗಳ ನಡುವೆ ಅಂಥ ಪೊರೆಯನ್ನು ಸೇರಿಸಿದ ಜೋಡಿಗಾಜಿಗೆ ಪೇಟೆಂಟು ಪಡೆದನು. 1920ರ ದಶಕ ಮುಗಿಯುವ ಹೊತ್ತಿಗೆ ಫೋರ್ಡ್ ಕಂಪೆನಿ ತನ್ನ ‘ಮಾಡೆಲ್ ಎ’ ಕಾರಿಗೆ ಅದನ್ನು ಅಳವಡಿಸಿತು. ಜೋಡಿಗಾಜೆಂದರೆ ಮೆರುಗಾಗಬೇಕಾದ ಮುಖಗಳು ಎರಡರ ಬದಲು ನಾಲ್ಕು. ಫೋರ್ಡ್ ಕಂಪೆನಿಯ ಮತ್ತು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಗಾಜು ಕಂಪೆನಿಯ ಕಾರ್ಖಾನೆಗಳು ಅದೇ ದಶಕದಲ್ಲಿ ಗಾಜನ್ನು ಎಡೆಬಿಡದ ಪಟ್ಟಿಯಾಗಿ ಚಲಿಸುವಂತೆ ಮಾಡಿ, ಸಾಲಾಗಿ ನಿಂತ ಭಾರಿ ಚಕ್ರಗಳ ಕೆಳಗೆ ಉಜ್ಜುವ ವ್ಯವಸ್ಥೆಯನ್ನು ಕಟ್ಟಿದುವು. 1935ರಲ್ಲಿ ಪಿಲ್ಕಿಂಗ್ಟನ್ನಿನವರು ಎರಡೂ ಮುಖಗಳನ್ನು ಏಕಕಾಲದಲ್ಲಿಯೇ ಅರೆಯುವ ಯಂತ್ರವನ್ನು ನಡೆಸಿದರು. ಕಸುಬು ಅಲ್ಲಿ ತನ್ನ ಶಿಖರವನ್ನು ಮುಟ್ಟಿತು.

ಬಿದ್ದದ್ದು ಅಲ್ಲಿಂದಲೇ. ಅಲೆಸ್ಟೇರ್ ಪಿಲ್ಕಿಂಗ್ಟನ್ ಎಂಬ ತರುಣ ಎಂಜಿನಿಯರು (ಹೆಸರು ಒಂದೇ ಆದರೂ ಕಾರ್ಖಾನೆಯ ಒಡೆಯರ ಮನೆತನಕ್ಕೆ ಸೇರಿದವನಲ್ಲ) 1952ರಲ್ಲಿ, ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಬಿಟ್ಟರೆ ಏನಾದೀತೆಂದು ಯೋಚಿಸಿದನು. ತವರ 232 ಡಿಗ್ರಿಗೆ ಕರಗುವುದು. ಗಾಜು ಸುಮಾರು 600 ಡಿಗ್ರಿಗೆ ತಣ್ಣಗಾಗುವಷ್ಟರಲ್ಲಿ ಎತ್ತಿಕೊಳ್ಳುವಷ್ಟು ಗಟ್ಟಿಯಾಗಿದ್ದರೂ ಅದರ ಕೆಳಗಿನ ತವರ ಇನ್ನೂ ದ್ರವವಾಗಿಯೇ ಇರುವುದು. ಕೆಳಮುಖಕ್ಕೆ ದ್ರವಲೋಹದ ಸಮತಲ, ಮೇಲ್ಮುಖಕ್ಕೆ ಬೆಂಕಿಯದೇ ಹೊಳಪು. ಘನವಸ್ತುವಿನ ಸ್ಪರ್ಶವಿಲ್ಲದ ಮೇಲೆ ಗೀರೆಲ್ಲಿಂದ ಬರಬೇಕು? ಏಳು ವರ್ಷಗಳ ಹೆಣಗಾಟದ ಬಳಿಕ, ಅದರಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಮಾರಲಾಗದ ಗಾಜನ್ನೇ ಹಗಲೂ ರಾತ್ರಿ ಒಡೆದು ಮತ್ತೆ ಕುಲುಮೆಗೆ ಹಾಕಿ, 1959ರ ಜನವರಿಯಲ್ಲಿ ಕಂಪೆನಿ ತನ್ನ ಗೆಲವನ್ನು ಸಾರಿತು. ಮುಂದಿನ ಹತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಮೆರುಗುಶಾಲೆಗಳ ಚಕ್ರಗಳೆಲ್ಲ ನಿಂತುವು. ಆ ಶ್ರಮ ಇಲ್ಲವಾದುದಕ್ಕೆ ಶೋಕಿಸತಕ್ಕದ್ದೇನೂ ಇಲ್ಲ. ಅದು ಬೆನ್ನು ಮುರಿಯುವ, ಕಿವಿ ಕೆಡಿಸುವ ಕೆಲಸ. ಆದರೆ ಗಾಜಿನ ಮೈಯನ್ನು ಬೆರಳಿನಿಂದಲೇ ಓದಬಲ್ಲ ಜನ ಅದರೊಡನೆ ಮರೆಯಾದರು.

ಗಾಜು ಮೆರುಗನ್ನು ಹುಟ್ಟಿನಿಂದಲೇ ಪಡೆದುಕೊಳ್ಳುವುದಕ್ಕೆ ಬಹಳ ಮೊದಲೇ ಕಾರಿನ ಬಣ್ಣದ ಮೈಗೆ ಮೆರುಗಿನ ಹುಚ್ಚು ಹಿಡಿದಿತ್ತು. ಕುದುರೆ ಸಾರೋಟುಗಳಂತೆಯೇ ಮೊದಲ ಕಾರುಗಳಿಗೂ ಕುಂಚದಿಂದ ವಾರ್ನಿಷನ್ನು ಪದರಪದರವಾಗಿ ಹಚ್ಚಿ ವಾರಗಟ್ಟಲೆ ಒಣಗಿಸುತ್ತಿದ್ದರು. 1920ರ ದಶಕದಲ್ಲಿ ಡ್ಯುಪಾಂಟ್ ಕಂಪೆನಿಯ ಡ್ಯೂಕೊ ಎಂಬ ಸೆಲ್ಯುಲೋಸಿನ ಬಣ್ಣ ಬಂದು ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿತು; ಆದರೆ ಅದನ್ನು ಉಜ್ಜಿದ ಹೊರತು ಹೊಳೆಯದು. ಬ್ರೆಜಿಲ್ಲಿನ ತಾಳೆಯ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣದ ಡಬ್ಬಿಗಳು ಕಾರಿರುವ ಮನೆಮನೆಗೂ ಹೊಕ್ಕುವು. ಎರಡನೆಯ ಮಹಾಯುದ್ಧವಾದ ಮೇಲೆ ಅವುಗಳೊಳಕ್ಕೆ ಸಿಲಿಕೋನ್ ಎಣ್ಣೆ ಸೇರಿತು. ಹಟಮಾರಿ ಕಲೆಯ ಜನ್ಮ ಇಲ್ಲಿಯೇ. ಮೇಣವಾದರೆ ಸೀಮೆಎಣ್ಣೆಗಾದರೂ ಬಿಡುವುದು. ಸಿಲಿಕೋನಾದರೋ ಗಾಜಿನಂತೆಯೇ ಸಿಲಿಕಾನ್ ಆಮ್ಲಜನಕಗಳ ಸರಪಳಿಯಿಂದಾದ ಸಜಾತೀಯ ವಸ್ತುವಾದುದರಿಂದ, ಬಂಧುವಿನ ಮನೆಯಲ್ಲಿ ತಳವೂರಿದ ಅತಿಥಿಯಂತೆ ಎದ್ದುಹೋಗುವ ಮಾತನ್ನೇ ಆಡದು. ಬಣ್ಣದ ಅಂಗಡಿಯವರಿಗೂ ಅದು ಬದ್ಧವೈರಿ: ಅದರ ಲೇಶವುಳಿದ ಕಡೆ ಹೊಸ ಬಣ್ಣ ನಿಲ್ಲದೆ ಮೀನುಗಣ್ಣಿನಂಥ ಗುಳಿಗಳೇಳುವುವು.

ನಮ್ಮ ಬಸ್ಸು ಲಾರಿಗಳ ಚಾಲಕರು ವೈಪರು ಕೆಟ್ಟ ಮಳೆಯ ಘಟ್ಟದಲ್ಲಿ ಬೀಡಿಯ ಹೊಗೆಸೊಪ್ಪನ್ನು ಒದ್ದೆಮಾಡಿ ಗಾಜಿಗೆ ತಿಕ್ಕುತ್ತಿದ್ದುದು ಈ ಕಲೆಗೆ ನೇರವಾದ ಚಿಕಿತ್ಸೆಯಲ್ಲ. ನೀರು ಹನಿಗಟ್ಟದೆ ತೆಳುವಾದ ಹಾಳೆಯಂತೆ ಹರಡಲೆಂದು ಮಾಡಿದ ಯುಕ್ತಿ. ಆದರೆ ಅದರಲ್ಲಿ ಒಂದು ತತ್ತ್ವವಿದೆ. ಶುದ್ಧವಾದ ಗಾಜಿನ ಮೇಲೆ ನೀರು ಹರಡುತ್ತದೆ, ಜಿಡ್ಡಾದ ಗಾಜಿನ ಮೇಲೆ ಮುತ್ತಾಗುತ್ತದೆ. ಮೆರುಗನ್ನು ಪರಿಶೀಲಿಸಿದ ರ‍್ಯಾಲಿಯೇ 1911ರಲ್ಲಿ ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಆಕೃತಿಗಳನ್ನು ಕುರಿತೂ ಬರೆದನು. ಕಣ್ಣಿಗೆ ಕಾಣದ ಜಿಡ್ಡನ್ನು ಉಸಿರು ಬಯಲುಮಾಡುವುದು.

ಆದುದರಿಂದ ಕಲೆಯನ್ನು ತೆಗೆಯಹೊರಟವನು ಮೊದಲು ಗಾಜನ್ನು ತೊಳೆದು ಅದರ ಮೇಲೆ ನೀರು ಸುರಿದು ನೋಡತಕ್ಕದ್ದು. ನೀರು ಮುತ್ತಾದ ಕಡೆ ಇರುವುದು ಪಾಲಿಷಿನ ಪೊರೆ. ಅದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಯಲ್ಲಿ ತೊಯ್ಸಿ, ಬಟ್ಟೆಯ ಮಗ್ಗುಲನ್ನು ಮತ್ತೆ ಮತ್ತೆ ಬದಲಿಸುತ್ತ ಒರಸಬೇಕು. ಇಲ್ಲವಾದರೆ ಒಂದೆಡೆಯ ಜಿಡ್ಡು ಇನ್ನೊಂದೆಡೆಗೆ ವರ್ಗವಾಗುವುದೇ ವಿನಾ ಹೋಗುವುದಿಲ್ಲ. ಅದಕ್ಕೂ ಬಗ್ಗದ ಪೊರೆಗೆ ಗಾಜನ್ನು ಗೀರದ ಮೆತುಪುಡಿ ಬೇಕು. ಅಮೆರಿಕದಲ್ಲಿ 1886ರಿಂದ ಮಾರಾಟವಾಗುತ್ತಿರುವ ಬಾನ್ ಅಮಿ ಎಂಬ ಪುಡಿ ಬೆಣಚುಕಲ್ಲಿನ ಗಣಿಯಲ್ಲಿ ಕಸವೆಂದು ಎಸೆಯುತ್ತಿದ್ದ ಫೆಲ್ಡ್‌ಸ್ಪಾರಿನಿಂದ ಹುಟ್ಟಿದ್ದು. ಬೆಣಚಿಗಿಂತ ಮೃದುವಾದುದರಿಂದಲೇ ಅದಕ್ಕೆ ಹೆಸರು ಬಂದಿತು. ಬೆಣಚಿನ ಅಂಶವಿರುವ ಪಾತ್ರೆ ತೊಳೆಯುವ ಪುಡಿ, ಮರಳು ಬೆರೆತ ಬೂದಿ, ಉಕ್ಕಿನ ನಾರು ಇವುಗಳನ್ನು ಗಾಜಿನ ಹತ್ತಿರಕ್ಕೂ ತರಬಾರದು. ಸೀರಿಯಮ್ ಪುಡಿಯನ್ನು ನೀರಿನಲ್ಲಿ ಕಲಸಿ ಉಣ್ಣೆಯ ಬಿಲ್ಲೆಯಿಂದ ಉಜ್ಜುವುದು ಎರಡನೆಯ ಬಗೆಯ ಕಲೆಗೆ, ಎಂದರೆ ಸುಳಿಗೀರಿಗೆ ಮಾತ್ರ ಉಚಿತ. ಅಲ್ಲಿಯೂ ಬಿಲ್ಲೆ ಸದಾ ಒದ್ದೆಯಾಗಿರಬೇಕು, ಗೀರಿಗಿಂತ ಅಗಲವಾದ ಜಾಗದ ಮೇಲೆ ಕೈ ಚಲಿಸುತ್ತಿರಬೇಕು, ಗಾಜು ಬೆಚ್ಚಗಾದೊಡನೆ ನಿಲ್ಲಿಸಬೇಕು.

ಇಂದಿನ ಕಾರಿನ ಮುಂದಿನ ಗಾಜಿನಲ್ಲಿ ಹೊರಪದರದ ದಪ್ಪ ಎರಡು ಮಿಲಿಮೀಟರಿನ ಆಸುಪಾಸು ಅಷ್ಟೆ. ಸವೆಸಿದಷ್ಟೂ ಬಲ ಕುಂದುವುದು. ಗೀರಿನ ಮೇಲೆ ಉಗುರನ್ನು ಅಡ್ಡವಾಗಿ ಎಳೆದು ನೋಡಿರಿ. ಉಗುರು ಜಾರಿಹೋದರೆ ಉಜ್ಜುವುದಕ್ಕೆ ಅವಕಾಶವುಂಟು. ತಡೆದು ನಿಂತರೆ, ಅದೂ ಚಾಲಕನ ಕಣ್ಣಿನ ನೇರದಲ್ಲಿದ್ದರೆ, ಪುಡಿಯ ಆಸೆಯನ್ನು ಬಿಟ್ಟು ಗಾಜನ್ನೇ ಬದಲಿಸಿರಿ.